ಗುರುತಿಲ್ಲದ ಬಯಲಿನಲ್ಲಿ ಚೆಂಡಾಟ

ಚದುರಂಗದ ಮಣೆಗೆ ಎಲ್ಲಿ ಹೋದರೂ ಅರವತ್ತುನಾಲ್ಕೇ ಮನೆ. ಕ್ರಿಕೆಟ್ಟಿನ ಎರಡು ವಿಕೆಟ್ಟುಗಳ ನಡುವೆ ಎಲ್ಲಿ ಅಳೆದರೂ 22 ಗಜ. ಗಾಲ್ಫ್ ಆಟದ ರೀತಿ ಬೇರೆ. ಅದರಲ್ಲಿ ಚೆಂಡು ಬೀಳಬೇಕಾದ ಕುಳಿಯ ಅಗಲ ಮಾತ್ರ ಜಗತ್ತಿನಲ್ಲೆಲ್ಲ ಒಂದೇ, ನಾಲ್ಕೂಕಾಲು ಅಂಗುಲ. ದೂರ, ನೆಲದ ಏರಿಳಿತ, ಹುಲ್ಲು, ಮರಳು, ಗಾಳಿ ಇವೆಲ್ಲ ಆಯಾ ಊರಿನವು. ಈ ಆಟ ನಮಗೆ ತೀರ ಹೊಸದೇನೂ ಅಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದಿನದು. ಆದರೆ ತನ್ನೂರ ಬಯಲಿನಲ್ಲಿ ಇಪ್ಪತ್ತು ವರ್ಷ ಆಡಿ ನುರಿತವನೂ ಪರಸ್ಥಳಕ್ಕೆ ಹೋದರೆ ಹೊಸಬನೇ. ಹೀಗೆ ಮತ್ತೆ ಮತ್ತೆ ಹೊಸಬರಾಗುವುದನ್ನೇ ಸುಖವೆಂದು ಬಗೆದ ಕೆಲವು ಹಿರಿಯರ ವಿಷಯವನ್ನು ಇಂದು ತಮ್ಮ ಮುಂದಿಡುತ್ತೇನೆ.

ಕೆನಡದಲ್ಲಿಯೂ ಅಮೆರಿಕದ ಉತ್ತರಕ್ಕಿರುವ ಮಿನೆಸೋಟ, ಮಿಷಿಗನ್ ಮೊದಲಾದ ರಾಜ್ಯಗಳಲ್ಲಿಯೂ ಚಳಿಗಾಲ ಬಂತೆಂದರೆ ನೆಲಕ್ಕೆಲ್ಲ ಹಿಮದ ಹೊದಿಕೆ. ಗಾಲ್ಫ್ ಬಯಲುಗಳು ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಆಗ ಉದ್ಯೋಗದಿಂದ ನಿವೃತ್ತರಾದ ಅನೇಕರು ದಕ್ಷಿಣಕ್ಕೆ ಹೊರಡುತ್ತಾರೆ. ಅಲ್ಲಿಯವರು ಇವರನ್ನು 'ಸ್ನೋ ಬರ್ಡ್' ಎಂದು, ಎಂದರೆ ಹಿಮದ ಹಕ್ಕಿಗಳೆಂದು, ಕರೆಯುತ್ತಾರೆ. ಇವರಲ್ಲಿ ಹಲವರ ವಾಸ 'ಆರ್. ವಿ.' ಎಂಬ ವಾಹನದಲ್ಲಿ. ಬಸ್ಸಿನಷ್ಟು ದೊಡ್ಡದೂ ಉಂಟು, ಮೋಟಾರಿನ ಹಿಂದೆ ಕಟ್ಟಿ ಎಳೆಯುವಂಥದೂ ಉಂಟು. ಒಳಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ಗಾಲಿಯ ಮೇಲಿನ ಮನೆ ಅದು. ಫ್ಲಾರಿಡದ ಜಾಕ್ಸನ್‌ವಿಲ್‌ನಿಂದ ಕ್ಯಾಲಿಫೋರ್ನಿಯದ ಸ್ಯಾಂಟ ಮೋನಿಕದವರೆಗೆ ಸುಮಾರು 2,460 ಮೈಲಿ ಹಾಸಿರುವ ಹತ್ತನೆಯ ಅಂತರರಾಜ್ಯ ಹೆದ್ದಾರಿ ಇವರ ಮುಖ್ಯ ದಾರಿಗಳಲ್ಲಿ ಒಂದು. ಆ ದಾರಿಯ ಮೇಲೆ, ಅರಿಝೋನದ ಮರುಭೂಮಿಯಲ್ಲಿ, ಕ್ವಾರ್ಟ್ಸ್‌ಸೈಟ್ ಎಂಬ ಪುಟ್ಟ ಊರುಂಟು. ಬೇಸಗೆಯಲ್ಲಿ ಬಿಕೋ ಎನ್ನುವ ಆ ಊರಿನ ಸುತ್ತ ಜನವರಿಯಲ್ಲಿ ಕಣ್ಣು ಹಾಯುವವರೆಗೂ ಇಂಥ ಗಾಲಿಮನೆಗಳೇ. ಎಷ್ಟೋ ಮನೆಗಳಲ್ಲಿ ಗಾಲ್ಫ್ ಕೋಲುಗಳ ಚೀಲವೂ ಉಂಟು.

ಗುರುತಿಲ್ಲದ ಬಯಲಿಗೆ ಬಂದವರು ಮೊದಲು ಓದಬೇಕಾದದ್ದು ಅಂಕದ ಕಾರ್ಡು. ಹದಿನೆಂಟು ಕುಳಿಗಳ ದೂರವೂ ಅವುಗಳಲ್ಲಿ ಯಾವುದು ಎಷ್ಟು ಕಷ್ಟವೆಂಬುದೂ ಅದರಲ್ಲಿ ಅಚ್ಚಾಗಿರುತ್ತದೆ. ಆ ಬಯಲಿಗೇ ವಿಶೇಷವಾದ ನಿಯಮಗಳೂ ಸಾಮಾನ್ಯವಾಗಿ ಅಲ್ಲಿಯೇ ಸಿಕ್ಕುತ್ತವೆ. ಜೊತೆಗೆ 'ಸ್ಲೋಪ್' ಎಂಬ ಒಂದು ಅಂಕವುಂಟು. ಸಾಧಾರಣ ಆಟಗಾರನಿಗೆ ಆ ಬಯಲು ಎಷ್ಟು ಕಠಿನವೆಂಬುದರ ಅಳತೆ ಅದು. ಕನಿಷ್ಠ 55, ಗರಿಷ್ಠ 155. ಮಧ್ಯಮ ಮಾನ 113. ಈ ಆಟದಲ್ಲಿ ಕಡಿಮೆ ಬಲದವನಿಗೆ 'ಹ್ಯಾಂಡಿಕ್ಯಾಪ್' ಎಂದು ಕೆಲವು ಹೊಡೆತಗಳನ್ನು ಬಿಟ್ಟುಕೊಡುವ ಪದ್ಧತಿಯಿದೆ. ತನ್ನ ಅಂಕ 20 ಇರುವವನು 130 ಸ್ಲೋಪಿನ ಬಯಲಿಗೆ ಹೋದರೆ, ಇಪ್ಪತ್ತನ್ನು 130ರಿಂದ ಗುಣಿಸಿ 113ರಿಂದ ಭಾಗಿಸಬೇಕು, 23 ಬರುತ್ತದೆ. ಇನ್ನೊಂದು ಸಣ್ಣ ತಿದ್ದುಪಡಿಯೂ ಉಂಟು, ಅದಿರಲಿ. ಕಷ್ಟದ ನೆಲಕ್ಕೆ ಮೂರು ಹೊಡೆತ ಹೆಚ್ಚು ರಿಯಾಯಿತಿ ಎಂಬುದು ಇದರ ತಾತ್ಪರ್ಯ. 2020ರಲ್ಲಿ ಈ ಲೆಕ್ಕವನ್ನು ಜಗತ್ತಿಗೆಲ್ಲ ಒಂದೇ ಆಗುವಂತೆ ಮಾಡಿದರು. ಎಂದಮೇಲೆ ಎಂದೂ ಕಂಡಿರದ ಇಬ್ಬರು, ಎಂದೂ ಕಾಣದ ಬಯಲಿನಲ್ಲಿ, ಸರಿಸಮಾನರಾಗಿ ಆಡಬಹುದು.

ಕಾರ್ಡು ಹೇಳದ ಸಂಗತಿಗಳನ್ನು ನೆಲವೇ ಹೇಳಬೇಕು. ಈ ದಕ್ಷಿಣದ ಬಯಲುಗಳಲ್ಲಿ ಹೆಚ್ಚಾಗಿ ಬೆಳೆಯುವುದು ಬರ್ಮುಡ ಹುಲ್ಲು. ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ಚೌತಿಯ ದಿನ ನಾವು ಗಣಪತಿಗೆ ಏರಿಸುವ ಗರಿಕೆಯೇ ಅದು. ಅದನ್ನು ಆಫ್ರಿಕದ ಒಂದು ಸೋದರ ಜಾತಿಯೊಡನೆ ಕೂಡಿಸಿ ಜಾರ್ಜಿಯ ರಾಜ್ಯದ ಟಿಫ್ಟನ್ ಎಂಬಲ್ಲಿ ಬೆಳೆಸಿದ ಮಿಶ್ರತಳಿಗಳು ಗಾಲ್ಫ್ ಬಯಲುಗಳಲ್ಲಿ ಹರಡಿವೆ. ಫ್ಲಾರಿಡದಂಥ ಕಡೆ ಈ ಹುಲ್ಲಿನ ಎಳೆ ಒಂದು ದಿಕ್ಕಿಗೆ ಒರಗಿ ಬೆಳೆಯುತ್ತದೆ. ಚೆಂಡು ಹೋಗುವ ಕಡೆಗೆ ಒರಗಿದ್ದರೆ ನೆಲ ಹೊಳೆಯುತ್ತದೆ, ಚೆಂಡು ಬೇಗ ಉರುಳುತ್ತದೆ. ಎದುರಿಗೆ ಒರಗಿದ್ದರೆ ನೆಲ ಮಂಕಾಗಿ ಕಾಣುತ್ತದೆ, ಚೆಂಡು ತಡೆಯುತ್ತದೆ. ಅರಿಝೋನದಲ್ಲಿ ಚಳಿಗೆ ಗರಿಕೆ ಒಣಹುಲ್ಲಿನ ಬಣ್ಣಕ್ಕೆ ತಿರುಗುವುದರಿಂದ ಅನೇಕ ಕಡೆ ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತಿ ಹಸುರು ಉಳಿಸುತ್ತಾರೆ. ಮರುಭೂಮಿಯಾದರೂ ಮುಂಜಾನೆ ಇಬ್ಬನಿ ಹೆಪ್ಪುಗಟ್ಟುವುದುಂಟು. ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಅದರ ಜೀವಕೋಶಗಳು ಒಡೆದು ಹೆಜ್ಜೆಯ ಗುರುತು ಕಂದಾಗಿ ಉಳಿಯುತ್ತದೆ. ಆದ್ದರಿಂದ ಬಿಸಿಲೇರುವ ತನಕ ಎಲ್ಲರೂ ಕಾಯಬೇಕು. ಇನ್ನು ಚೆಂಡು ಕಳ್ಳಿಯ ಮುಳ್ಳಿಗೆ ಸಿಕ್ಕಿತೋ, ಒಂದು ಹೊಡೆತದ ದಂಡ ತೆತ್ತು ಪಕ್ಕಕ್ಕೆ ಹಾಕಿಕೊಳ್ಳುವುದೇ ಲೇಸು. ಸಗ್ವಾರೊ ಎಂಬ ದೊಡ್ಡ ಕಳ್ಳಿಗೆ ಅಲ್ಲಿ ಕಾನೂನಿನ ರಕ್ಷಣೆಯೂ ಇದೆ.

ಈ ಅಲೆಮಾರಿ ಬಾಳಿಗೆ ಬೆಲೆ ಇಲ್ಲದೆ ಇಲ್ಲ. ಎಪ್ಪತ್ತರ ವಯಸ್ಸಿನಲ್ಲಿ ದೊಡ್ಡ ವಾಹನ ನಡೆಸುವುದು ಸುಲಭವಲ್ಲ. ಕಾಯಿಲೆಯಾದರೆ ಹೊಸ ವೈದ್ಯರು. ಇಂದಿನ ನೆರೆಮನೆ ನಾಳೆ ಬೆಳಿಗ್ಗೆ ಇಂಜಿನು ಹೊತ್ತಿಸಿಕೊಂಡು ಹೊರಟಿರುತ್ತದೆ. ಜೊತೆಗಾರರನ್ನು ಕಳೆದುಕೊಂಡವರ ಪಾಡಂತೂ ಹೇಳತೀರದು. ಆದರೆ ಗಾಲ್ಫಿನಲ್ಲಿ ಒಂದು ಒಳ್ಳೆಯ ರೂಢಿಯಿದೆ. ಒಂಟಿಯಾಗಿ ಬಂದವರನ್ನು ಅಲ್ಲಿಯ ಸ್ಟಾರ್ಟರು, ಎಂದರೆ ಆಟಕ್ಕೆ ಸರದಿಯಂತೆ ಬಿಡುವವನು, ಇಬ್ಬರೋ ಮೂವರೋ ಇರುವ ತಂಡಕ್ಕೆ ಸೇರಿಸುತ್ತಾನೆ.

ಒಂದು ಜನವರಿಯಲ್ಲಿ ಫೀನಿಕ್ಸ್ ನಗರದ ಬಳಿ ನನ್ನ ಅಣ್ಣನ ಮಗನೊಡನೆ ಅಂಥ ಬಯಲಿಗೆ ಹೋಗಿದ್ದೆ. ಕೆನಡದ ಹಿರಿಯರೊಬ್ಬರನ್ನು ಅವನ ತಂಡಕ್ಕೆ ಸೇರಿಸಿದರು. ಹೆಂಡತಿ ತೀರಿಹೋದ ಮೇಲೆ ಅದು ಅವರಿಗೆ ಎರಡನೆಯ ಚಳಿಗಾಲವೆಂದು ಆಮೇಲೆ ತಿಳಿಯಿತು. ಮೊದಲ ಮೂರು ಕುಳಿಗಳಲ್ಲಿ 'ಒಳ್ಳೆಯ ಹೊಡೆತ' ಎಂಬುದರ ಹೊರತು ಮಾತಿಲ್ಲ. ಆರನೆಯದರಲ್ಲಿ ಚೆಂಡು ಕಾಣದಾದಾಗ ನಾಲ್ವರೂ ಕೂಡಿ ಹುಡುಕಿದರು. ಅಲ್ಲಿಂದಾಚೆಗೆ ಮಕ್ಕಳು, ಮಂಡಿನೋವು, ಊರಿನ ಹಿಮ, ಎಲ್ಲ ಮಾತಿಗೆ ಬಂತು. ಹದಿನೆಂಟನೆಯ ಕುಳಿಯ ಬಳಿ ಟೋಪಿ ತೆಗೆದು ಕೈಕುಲುಕಿ, ಗುರುವಾರ ಮತ್ತೆ ಬರುವಿರಾ ಎಂದು ಅವರೇ ಕೇಳಿದರು.

ನಾಲ್ಕು ಗಂಟೆಯ ಗೆಳೆತನ ಎಷ್ಟರದು ಎನ್ನಬಹುದು. ಆದರೆ ಮುಪ್ಪಿನಲ್ಲಿ ಮನುಷ್ಯನಿಗೆ ಕೊರತೆಯಾಗುವುದು ಅದೇ. ತನ್ನ ಬಯಲಿನಲ್ಲಿ ತಾನೇ ಜಾಣನೆಂದು ಕುಳಿತವನನ್ನು ಯಾರೂ ಜೊತೆಗೆ ಕರೆಯುವುದಿಲ್ಲ. ಗುರುತಿಲ್ಲದ ಬಯಲಿನಲ್ಲಿ ನಿಂತು, 'ಇಲ್ಲಿ ಗಾಳಿ ಯಾವ ಕಡೆ ಬೀಸುತ್ತದೆ?' ಎಂದು ಕೇಳಿದವನಿಗೆ ಉತ್ತರ ಹೇಳುವವರು ಸಿಕ್ಕುತ್ತಾರೆ. ಗಾಲ್ಫ್ ಆಡದ ನಮಗೂ, ಹೊಸ ಬಡಾವಣೆಗೆ ಮನೆ ಬದಲಾಯಿಸುವ ಹಿರಿಯರಿಗೂ, ಈ ಮಾತು ಉಪಯೋಗಕ್ಕೆ ಬಂದೀತು.