ಸಾಲೋಟಗಿಯ ಶಾಲೆ

ನಾನು ಮುದ್ದೇಬಿಹಾಳ ಸೀಮೆಯವನು. ಹಲವು ವರ್ಷ ತರಗತಿಗಳಲ್ಲಿ ಸಾಲೋಟಗಿಯ ಶಾಸನವನ್ನು ಪಾಠ ಹೇಳಿದೆ. ಇಂಡಿಯ ಸಮೀಪದ ಆ ಊರಿಗೆ ಹೋದದ್ದು ಮಾತ್ರ ನಿವೃತ್ತನಾದ ಮೇಲೆ.

ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು, ಅಂದು ಪಾವಿಟ್ಟಗೆ ಎನಿಸಿಕೊಂಡಿದ್ದ ಅಲ್ಲಿ, ತ್ರಯೀಪುರುಷ ದೇವಾಲಯದೊಡನೆ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದುವು. ದೀಪದ ವೆಚ್ಚಕ್ಕೆ 12 ನಿವರ್ತನ ಭೂಮಿ ಇತ್ತು. ಇದು ಮಂತ್ರಿಯ ಔದಾರ್ಯವಾಯಿತು. ನನ್ನನ್ನು ಹೆಚ್ಚಾಗಿ ಸೆಳೆದುದು ಊರವರ ಒಪ್ಪಂದ: ಅಲ್ಲಿಯ ಬ್ರಾಹ್ಮಣರು ಪ್ರತಿ ಮದುವೆಗೆ ಐದು, ಉಪನಯನಕ್ಕೆ ಎರಡೂವರೆ ನಾಣ್ಯಗಳನ್ನು ಶಾಲೆಗೆ ಸಲ್ಲಿಸಬೇಕು. ಆ ಬಾಗಿಲು ಎಲ್ಲರ ಮಕ್ಕಳಿಗೂ ತೆರೆದಿರಲಿಲ್ಲ, ನಿಜ. ಆದರೆ ಕಟ್ಟಿದ್ದನ್ನು ಕಾಯುವ ಭಾರವನ್ನು ಊರು ತನ್ನ ಮನೆಯ ಶುಭಕಾರ್ಯಗಳೊಳಗೇ ಸೇರಿಸಿಕೊಂಡಿತ್ತು. ಮುಂದೆ ಕಟ್ಟಡ ಕುಸಿದಾಗ ಸ್ಥಳೀಯ ಮಾಂಡಲಿಕನೊಬ್ಬನು ಅದನ್ನು ಮತ್ತೆ ಕಟ್ಟಿಸಿದನು.

ಇಂದು ಆ ಶಾಲೆಯಿಲ್ಲ. ಶಾಸನದ ಕಂಬ ಉಳಿಯಿತು, ಹೆಸರೂ ಉಳಿಯಿತು. ಶಾಲೆಯ ಪಾವಿಟ್ಟಗೆಯೇ ಜನರ ಬಾಯಲ್ಲಿ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ.

ಅಲ್ಲಿ ನಿಂತಾಗ ನಮ್ಮ ಹಿರಿಯರ ಮಾಳಿಗೆಮನೆ ನೆನಪಾಯಿತು. ಪಾಲಾದಾಗ ಅದರ ಕೆತ್ತನೆಯ ಕಂಬಗಳನ್ನು ಅಣ್ಣತಮ್ಮಂದಿರು ಸೇರಿ ಮಾರಿದೆವು. ಶಾಸನ ಪಾಠ ಹೇಳುತ್ತಿದ್ದ ನಾನು ಆಗ ಬೇಡವೆನ್ನಲಿಲ್ಲ. ನನ್ನ ಪಾಲಿನ ಹಣವನ್ನೂ ಪಡೆದೆ. ನಿಮ್ಮೂರಿನಲ್ಲಿ ಗುಡಿ, ಮಠ, ಹಳೆಯ ಮನೆ ಏನಾದರೂ ನಿಂತಿದ್ದರೆ, ಮುಂದಿನ ಮದುವೆಯ ಖರ್ಚು ಬರೆಯುವಾಗ ಅದಕ್ಕೂ ಒಂದು ಸಾಲು ಬರೆಯಿರಿ ಎಂದು ಬೇಡುತ್ತೇನೆ.