ಶಾಸನವೂ ಮಾಮೂಲೂ

  ಪೋಲೀಸು ಠಾಣೆಯ ಮಾತನ್ನು ಮಠದ ಸಭೆಯಲ್ಲಿ ಎತ್ತುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಈ ಸೀಮೆಯ ಜನರು ಯಾವ ಸಂಕಟವನ್ನು ಮನೆಯ ಒಳಗೇ ಮುಚ್ಚಿಟ್ಟುಕೊಂಡು ಬಂದಿರುವರೋ ಆ ಸಂಕಟದ ಬಾಗಿಲು ಠಾಣೆಯ ಕಡೆಗೇ ತೆರೆಯುತ್ತದೆ. ಆದುದರಿಂದ ಪ್ರಶ್ನೆಯನ್ನು ನೇರವಾಗಿ ಕೇಳಿಬಿಡುವುದು ಲೇಸು: ಊರಿನ ಪೋಲೀಸು ಅಧಿಕಾರಿಯು ರಾಜ್ಯದ ಕಾಯಿದೆಗಳಲ್ಲಿ ಇದನ್ನು ನಡೆಸುವೆನು, ಇದನ್ನು ಕಟ್ಟಿಡುವೆನು ಎಂದು ತಾನೇ ಆರಿಸಿಕೊಳ್ಳಬಹುದೆ?

ಉದಾಹರಣೆಯನ್ನು ಅರಸಿಕೊಂಡು ದೂರ ಹೋಗಬೇಕಾದುದಿಲ್ಲ. ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗವು ನೊಳಂಬರ, ಪಾಂಡ್ಯರ ಕಾಲದಿಂದಲೂ ಹೆಸರಾದ ಗಿರಿದುರ್ಗ. ಬೆಟ್ಟದ ಮೇಲೆ ಉಚ್ಚಂಗೆಮ್ಮನ ಗುಡಿ. ಭಾರತ ಹುಣ್ಣಿಮೆಗೆ ಅಲ್ಲಿ ನೆರೆಯುವ ಜನಸ್ತೋಮವು ಎಲ್ಲರೂ ಕಂಡುದೇ. ಎಡ್ಗರ್ ಥರ್ಸ್ಟನ್ ಎಂಬ ವಿದ್ವಾಂಸನು ದಕ್ಷಿಣ ಹಿಂದೂಸ್ಥಾನದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತು 1909ರಲ್ಲಿ ಪ್ರಕಟಿಸಿದ ಸಂಪುಟಗಳೊಳಗೆ, ಬಸವಿಯರನ್ನು ಕುರಿತ ಭಾಗದಲ್ಲಿ, ಮದರಾಸಿನ ಹೈಕೋರ್ಟಿನವರೆಗೆ ಹೋದ ಒಂದು ಮೊಕದ್ದಮೆಯ ಸಾಕ್ಷ್ಯವನ್ನು ಸಂಗ್ರಹಿಸಿಟ್ಟಿದ್ದಾನೆ. ಒಬ್ಬ ಬಡ ತಂದೆಯು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಬಸವಿ ಬಿಡಬೇಕೆಂದು ಮನಸ್ಸು ಮಾಡಿ, ಕದ್ದುಮುಚ್ಚಿ ಮಾಡದೆ, ಮೊದಲು ಪೋಲೀಸು ಅಧಿಕಾರಿಯ ಬಳಿಗೆ ಅರ್ಜಿ ಹಿಡಿದುಕೊಂಡು ಹೋದನು. ಅರ್ಜಿಯು ಮೇಲಧಿಕಾರಿಗೆ ಹೋಯಿತು. ಇದಕ್ಕೆ ಅಪ್ಪಣೆಯ ಅವಶ್ಯವಿಲ್ಲ, ಮಾಮೂಲಿನಂತೆ ನಡೆಯಲಿ ಎಂಬ ಉತ್ತರವು ಬಂದಿತು. ತಂದೆಯು ಮಕ್ಕಳನ್ನು ಕರೆದುಕೊಂಡು ಉಚ್ಚಂಗಿದುರ್ಗಕ್ಕೆ ನಡೆದನು. ಬೇರೆ ಕೆಲಸದ ನಿಮಿತ್ತ ಅದೇ ಅಧಿಕಾರಿಯು ಅಲ್ಲಿಗೆ ಹೋದಾಗ ಆ ಹುಡುಗಿಯರು ಅವನ ಕಣ್ಣಿಗೆ ಬಿದ್ದರು. ಆ ವೇಳೆಗೆ ಎಲ್ಲವೂ ಮುಗಿದುಹೋಗಿತ್ತು. ಅನಂತರ ಅದೇ ತಂದೆಯು ಅಪರಾಧಿಯ ಸ್ಥಾನದಲ್ಲಿ ನಿಂತು, ಇದು ತಪ್ಪೆಂದು ತನಗೆ ತಿಳಿಯದು, ದೊರೆಗಳನ್ನು ಕೇಳಿಯೇ ಮಾಡಿದೆನು ಎಂದು ಹೇಳಿಕೊಂಡನು.

ಹುಡುಗಿಯರನ್ನು ದುರ್ವೃತ್ತಿಗಾಗಿ ಒಪ್ಪಿಸುವುದನ್ನು ದಂಡಿಸುವ ಕಲಮು 1860ರ ದಂಡಸಂಹಿತೆಯಲ್ಲಿ ಆಗಲೇ ಇದ್ದಿತು. ಕಾಯಿದೆ ಇಲ್ಲದೆ ಹೋದುದರಿಂದ ಆ ಮಕ್ಕಳು ಕೆಟ್ಟುದಲ್ಲ. ಕಾಯಿದೆಗೂ ಮಕ್ಕಳಿಗೂ ನಡುವೆ ಮಾಮೂಲು ಎಂಬ ಒಂದು ಮಾತು ಬಂದು ನಿಂತಿತು. ಈ ಪದದ ಗತಿಯನ್ನು ಸ್ವಲ್ಪ ನೋಡಬೇಕು. ಅರಬ್ಬಿಯಿಂದ ಬಂದ ಈ ಶಬ್ದಕ್ಕೆ ರೂಢಿ, ವಾಡಿಕೆ ಎಂದು ಅರ್ಥ. ಕಚೇರಿಯ ಕಾಗದಗಳಲ್ಲಿ ಬಹುಕಾಲ ಆ ಅರ್ಥದಲ್ಲಿಯೇ ನಡೆಯಿತು. ಈಗ ಸಂತೆಯಲ್ಲಿ ಯಾರನ್ನಾದರೂ ಕೇಳಿದರೆ, ಮಾಮೂಲೆಂದರೆ ಅಧಿಕಾರದಲ್ಲಿರುವವನ ಕೈಗೆ ತಿಂಗಳು ತಿಂಗಳು ಸಲ್ಲತಕ್ಕ ಹಣ ಎನ್ನುವರು. ವಾಡಿಕೆಯ ಹೆಸರೇ ಲಂಚದ ಹೆಸರಾಯಿತು. ಜನರ ನಾಲಗೆಯು ವ್ಯಾಕರಣವನ್ನು ಕಲಿಯದಿದ್ದರೂ ಲೋಕವನ್ನು ಚೆನ್ನಾಗಿ ಬಲ್ಲುದು.

ಥರ್ಸ್ಟನ್ನನ ಸಂಪುಟಗಳು ಹೊರಬಂದ ಅದೇ 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಮೂಲವನ್ನು ಮುದ್ರಿಸಿ ಬೆಳಕಿಗೆ ತಂದರು. ಅದರ ಧರ್ಮಸ್ಥೀಯ ಅಧಿಕರಣದಲ್ಲಿ ವಿವಾದನಿರ್ಣಯಕ್ಕೆ ಧರ್ಮ, ವ್ಯವಹಾರ, ಚರಿತ್ರ, ರಾಜಶಾಸನ ಎಂದು ನಾಲ್ಕು ಪಾದಗಳನ್ನು ಹೇಳಿ, ಮುಂದಿನದು ಹಿಂದಿನದನ್ನು ಬಾಧಿಸುತ್ತದೆಯೆಂದು ವಿಧಿಸಿದೆ. ಇಲ್ಲಿ ಚರಿತ್ರವೆಂದರೆ ಲೋಕರೂಢಿ. ಕಚೇರಿಯವರ ಮಾಮೂಲು ಅದೇ. ರೂಢಿಗೆ ಸ್ಥಾನವುಂಟು, ಆದರೆ ಶಾಸನವು ಹೊರಟ ಮೇಲೆ ಅದಕ್ಕೆ ಇದಿರಾಗಿ ನಿಲ್ಲುವ ಬಲವಿಲ್ಲ. ಠಾಣೆಯ ಅಧಿಕಾರಿಯು ಮಾಮೂಲಿನಂತೆ ನಡೆಯಲಿ ಎಂದಾಗ ಈ ಕ್ರಮವನ್ನೇ ತಲೆಕೆಳಗು ಮಾಡಿದಂತಾಯಿತು. ಶಾಸನ ಮಾಡುವ ಅಧಿಕಾರವು ದೊರೆಗೆ ಅಥವಾ ಪ್ರಜಾಸಭೆಗೆ ಸೇರಿದುದು. ಶಾಸನವನ್ನು ಮಾಡಲಾರದವನು ಅದನ್ನು ರದ್ದುಮಾಡಲೂ ಆರನು. ಸುಮ್ಮನೆ ಕಟ್ಟಿಡುವುದೆಂದರೆ ಸಾಕ್ಷಿಯಿಲ್ಲದೆ ರದ್ದುಮಾಡುವುದೇ ಅಲ್ಲವೆ?

ಶಾಸನಗಳ ಕೊರತೆಯಂತೂ ಈ ಸೀಮೆಗೆ ಎಂದೂ ಆಗಲಿಲ್ಲ. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಬಹುವರ್ಷಗಳ ಪ್ರಯತ್ನದ ಫಲವಾಗಿ 1947ರಲ್ಲಿ ಮದರಾಸು ಪ್ರಾಂತದಲ್ಲಿ ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸುವ ಶಾಸನವಾಯಿತು. ಬಳ್ಳಾರಿ ಜಿಲ್ಲೆಯು ಆಗ ಮದರಾಸಿಗೆ ಸೇರಿದ್ದಿತು. ಕರ್ನಾಟಕದ ವಿಧಾನಮಂಡಲವು 1982ರಲ್ಲಿ ಮಾಡಿದ ಶಾಸನವು 1984ರಲ್ಲಿ ಜಾರಿಗೆ ಬಂದಿತು. ಹುಡುಗಿಯು ಒಪ್ಪಿದರೂ ಒಪ್ಪದಿದ್ದರೂ ಸಮರ್ಪಣೆಯು ಅಕ್ರಮವೆಂದು ಅದು ಸಾರಿತು. ನಡೆಸಿದವನಿಗೂ ಪಾಲುಗೊಂಡವನಿಗೂ ಕುಮ್ಮಕ್ಕು ಕೊಟ್ಟವನಿಗೂ 3 ವರ್ಷಗಳವರೆಗೆ ಸೆರೆಮನೆಯನ್ನು ವಿಧಿಸಿತು. ತಂದೆತಾಯಿಗಳೋ ಬಂಧುಗಳೋ ಆದರೆ 2 ವರ್ಷಕ್ಕೆ ಕಡಮೆಯಿಲ್ಲದಂತೆ 5 ವರ್ಷಗಳವರೆಗೆ ಏರಿಸಿತು. 2025ರಲ್ಲಿ ಪರಿಹಾರ, ಪುನರ್ವಸತಿಗಳನ್ನೂ ಸೇರಿಸಿ ಇನ್ನೂ ವಿಸ್ತಾರವಾದ ವಿಧೇಯಕವು ವಿಧಾನಮಂಡಲದಲ್ಲಿ ಅಂಗೀಕೃತವಾಯಿತು. ಇಷ್ಟಿದ್ದರೂ ಸರಕಾರವು 1993–94ರಲ್ಲಿಯೂ 2007–08ರಲ್ಲಿಯೂ ನಡೆಯಿಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದೊಳಗೆ ಗುರುತಿಸಲ್ಪಟ್ಟ ದೇವದಾಸಿ ಸ್ತ್ರೀಯರ ಸಂಖ್ಯೆಯು ಒಟ್ಟು 46,660. ಮುತ್ತು ಕಟ್ಟುವುದು ಗುಡಿಯ ಅಂಗಳದಿಂದ ಮನೆಯ ನಡುಮನೆಗೆ ಸರಿಯಿತು, ಹಗಲಿನಿಂದ ರಾತ್ರಿಗೆ ಸರಿಯಿತು.

2014ನೆಯ ಇಸವಿಯ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಹರಪನಹಳ್ಳಿ ತಾಲೂಕು ಆಗ ದಾವಣಗೆರೆ ಜಿಲ್ಲೆಗೆ ಸೇರಿದ್ದಿತು. ಆ ವರ್ಷದ ಭಾರತ ಹುಣ್ಣಿಮೆಯು ಫೆಬ್ರವರಿ 14ನೆಯ ತಾರೀಖಿಗೆ ಬಂದಿತು. ಅಂದಿನ ರಾತ್ರಿ ದುರ್ಗಿಯ ಉತ್ಸವದಲ್ಲಿ ಹುಡುಗಿಯರ ಸಮರ್ಪಣೆಯಾಗಲಿದೆಯೆಂದು ದೆಹಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತದ ಅರ್ಜಿಯೊಂದು ಬರಲು, ನ್ಯಾಯಾಲಯವು ಅದಕ್ಕೆ ಮುನ್ನಾದಿನವೇ, ಅದನ್ನು ತಡೆಯಲು ಎಲ್ಲ ಕ್ರಮಗಳನ್ನೂ ಕೈಕೊಳ್ಳತಕ್ಕದ್ದೆಂದು ಕರ್ನಾಟಕದ ಮುಖ್ಯ ಕಾರ್ಯದರ್ಶಿಗೆ ಆಜ್ಞಾಪಿಸಿತು. ಬೆಟ್ಟದ ಬುಡದಲ್ಲಿ ದಫೇದಾರನು ಮಾಡಬೇಕಾದ ಕೆಲಸಕ್ಕೆ ದೇಶದ ಅತ್ಯುನ್ನತ ನ್ಯಾಯಪೀಠದ ಅಪ್ಪಣೆಯು ಬೇಕಾಯಿತು ಎಂಬುದು ಸಣ್ಣ ಮಾತೇನು?

ಇದಕ್ಕೆ ಪ್ರತಿಯಾಗಿ ಹೇಳುವವರ ವಾದವು ನಿಸ್ಸಾರವಲ್ಲ. ಠಾಣೆಯಲ್ಲಿರುವ ಜನ ಸ್ವಲ್ಪ, ಹಳ್ಳಿಗಳು ಹಲವು, ಕಾಯಿದೆಗಳಂತೂ ಎಣಿಕೆಗೆ ಮೀರಿದುವು. ತೇರಿನ ದಿನ ಬೀದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಮಂಡಕ್ಕಿಯ ಮುದುಕಿಯನ್ನೂ, ಬಂಡಿಗೆ ದೀಪವಿಲ್ಲದೆ ಬಂದ ರೈತನನ್ನೂ ಹಿಡಿದು ನಿಲ್ಲಿಸುವವನು ವಿವೇಕಿಯಲ್ಲ. ಇದು ನಿಜ. ಎಲ್ಲವನ್ನೂ ಒಂದೇ ಬಿಗಿಯಲ್ಲಿ ನಡೆಸುವೆನೆನ್ನುವವನು ಯಾವುದನ್ನೂ ನಡೆಸಲಾರನು. ಆದರೆ ಇದಕ್ಕೆ ಕಾಯಿದೆಯೇ ಎಡೆಮಾಡಿಕೊಟ್ಟಿದೆಯೆಂಬುದನ್ನು ವಾದಿಗಳು ಮರೆಯುವರು. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 157ನೆಯ ಕಲಮೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮೂ, ತನಿಖೆಗೆ ಸಾಕಷ್ಟು ಆಧಾರವಿಲ್ಲವೆಂದು ಕಂಡರೆ ಠಾಣಾಧಿಕಾರಿಯು ತನಿಖೆಯನ್ನು ಕೈಬಿಡಬಹುದೆನ್ನುತ್ತವೆ. ಆದರೆ ಕಾರಣವನ್ನು ಬರೆಯಬೇಕು, ವರದಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು, ದೂರು ತಂದವನಿಗೂ ತಿಳಿಸಬೇಕು. ಒಂದು ಪ್ರಕರಣವನ್ನು ಕಾರಣ ಬರೆದು ಬಿಡುವುದು ಬೇರೆ. ಒಂದು ಶಾಸನವನ್ನೇ ಕಾರಣ ಬರೆಯದೆ ಬಿಡುವುದು ಬೇರೆ. ಮೊದಲನೆಯದನ್ನು ಮೇಲಿನವರು ಓದಿ ತಿದ್ದಬಹುದು. ಎರಡನೆಯದು ಎಲ್ಲಿಯೂ ಬರೆಯಲ್ಪಡುವುದಿಲ್ಲವಾದ ಕಾರಣ ಯಾರಿಂದಲೂ ತಿದ್ದಲ್ಪಡುವುದಿಲ್ಲ.

ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಯಾಜ್ಞವಲ್ಕ್ಯಸ್ಮೃತಿಯ ಮೇಲೆ. ಆ ಸ್ಮೃತಿಯ ವ್ಯವಹಾರಾಧ್ಯಾಯದ ಆರಂಭದಲ್ಲಿಯೇ, ಸಭ್ಯರು ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ವಿಧಿಯನ್ನು ಮೀರಿ ನಡೆದರೆ ವಿವಾದದ ಮೊತ್ತಕ್ಕೆ ಇಮ್ಮಡಿ ದಂಡವನ್ನು ಒಬ್ಬೊಬ್ಬರಿಂದಲೂ ತೆಗೆದುಕೊಳ್ಳಬೇಕೆಂದಿದೆ. ಸಭ್ಯರೆಂದರೆ ನ್ಯಾಯಸಭೆಯವರು, ಪೋಲೀಸರಲ್ಲ. ಆದರೂ ಮನುಷ್ಯನು ಶಾಸನವನ್ನು ಬಿಡುವ ದಾರಿಗಳು ಎಲ್ಲ ಕಾಲಕ್ಕೂ ಇವೇ. ಲೋಭವನ್ನು ಕುರಿತು ಹೇಳಬೇಕಾದುದನ್ನು ಮಾಮೂಲೆಂಬ ಶಬ್ದವೇ ಹೇಳಿದೆ. ಭಯಕ್ಕೆ ಕಾರಣವಿಲ್ಲದೆಯೂ ಇಲ್ಲ. 1986ರ ಮಾರ್ಚ್ ತಿಂಗಳಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಹೋದ ಕಾರ್ಯಕರ್ತರ ಮೇಲೂ ಪೋಲೀಸರ ಮೇಲೂ ಜನರು ಎರಗಿದರು. ಸ್ತ್ರೀ ಪೋಲೀಸರೂ ಅವಮಾನಕ್ಕೆ ಗುರಿಯಾದರು. ಹಾಗಿದ್ದರೂ ಸರಕಾರವು ಆ ಸೇವೆಯನ್ನು ನಿಷೇಧಿಸಿತು. ಜನರ ಗುಂಪಿಗೆ ಅಂಜಿ ಆ ದಿನವೇ ಕೈಬಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು.

ಎಲ್ಲಕ್ಕಿಂತ ಕಠಿಣವಾದುದು ರಾಗ; ಅದು ದಯೆಯ ವೇಷದಲ್ಲಿ ಬರುತ್ತದೆ. ಮುತ್ತು ಕಟ್ಟಿಸಿದ ತಾಯಿಯು ಬಹುಮಟ್ಟಿಗೆ ತಾನೇ ಎಳೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡವಳು. ಅಂಗೈಯಗಲ ಹೊಲವಿಲ್ಲ, ಮುಪ್ಪಿನಲ್ಲಿ ನೋಡುವವರಿಲ್ಲ, ಮನೆಯಲ್ಲಿ ಕಾಯಿಲೆ ಬಿದ್ದರೆ ದೇವಿಗೆ ಹರಕೆಯೊಂದೇ ಗತಿ. ಹರಕೆಯ ಭಾರವು ಬೀಳುವುದು ಬಹುವಾಗಿ ಹೊಲಗೇರಿ, ಮಾದಿಗರ ಕೇರಿಗಳ ಹೆಣ್ಣುಮಕ್ಕಳ ಮೇಲೆ. ಊರ ನಡುವಣ ದೊಡ್ಡ ಮನೆಗಳ ಮೇಲಲ್ಲವೆಂಬುದನ್ನು ಭಕ್ತರು ಬಲ್ಲರು. ಇಂಥವಳನ್ನು ಎರಡು ವರ್ಷ ಸೆರೆಗೆ ನೂಕಿದರೆ ಉಳಿದ ಮಕ್ಕಳ ಗತಿಯೇನೆಂದು ಒಬ್ಬ ದಫೇದಾರನ ಕರುಳು ಕರಗಿದರೆ, ಅವನನ್ನು ದುಷ್ಟನೆನ್ನಲಾಗದು. ಆದರೆ ಆ ಕರುಳು ತಾಯಿಯ ಮುಖವನ್ನು ಮಾತ್ರ ನೋಡಿತು. ಹನ್ನೆರಡೋ ಹದಿಮೂರೋ ವರ್ಷದ ಹುಡುಗಿಯು ಠಾಣೆಗೆ ಬರಲಿಲ್ಲವಾಗಿ ಅವಳ ಮುಖವು ಅದಕ್ಕೆ ಕಾಣಿಸಲಿಲ್ಲ. ಅದೂ ಅಲ್ಲದೆ ತಾಯಿಯ ಮೇಲಣ ಈ ದಯೆಯ ನೆರಳಿನಲ್ಲಿ ತಪ್ಪಿಸಿಕೊಳ್ಳುವವರು ಬೇರೆಯವರು. ಮುತ್ತು ಕಟ್ಟಿದ ಪೂಜಾರಿ, ಖರ್ಚಿಗೆ ಹಣವಿತ್ತ ಹಿರಿಯ, ಹುಡುಗಿಯನ್ನು ಇಟ್ಟುಕೊಳ್ಳಲು ಕಾದಿರುವ ಉಳ್ಳವನು, ಇವರೆಲ್ಲರನ್ನೂ ಶಾಸನವು ಹೆಸರಿಸಿದೆ. ಪ್ರಕರಣವೇ ಹುಟ್ಟದಿದ್ದರೆ ಇವರ ಹೆಸರು ಎಲ್ಲಿಂದ ಹೊರಬರಬೇಕು? ದಯೆಗೆ ಸ್ಥಳವಿದೆ; ಅದು ಶಿಕ್ಷೆಯನ್ನು ಅಳೆಯುವ ನ್ಯಾಯಾಧೀಶನ ಪೀಠ, ಹೊಲಮನೆಗಳನ್ನು ಕೊಡತಕ್ಕ ಸರಕಾರದ ಬೊಕ್ಕಸ, ಅನ್ನವಸತಿಗಳನ್ನು ನಡೆಸುವ ಮಠಗಳ ಅಂಗಳ. ಠಾಣೆಯ ಮೇಜಿನ ಮೇಲೆ ಅದನ್ನು ಹಂಚಲು ಹೊರಟರೆ ಬಲವುಳ್ಳವನ ಪಾಲಿಗೇ ಹೆಚ್ಚು ಬರುತ್ತದೆ.

ಈ ವಿಷಯದಲ್ಲಿ ನ್ಯಾಯಾಲಯದ ಮಾತು ಸಂದಿಗ್ಧವಾಗಿಲ್ಲ. 2013ರ ನವೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಲಲಿತಾ ಕುಮಾರಿಯ ಮೊಕದ್ದಮೆಯಲ್ಲಿ, ಸಂಜ್ಞೇಯ ಅಪರಾಧವು ನಡೆದಿದೆಯೆಂದು ದೂರಿನಿಂದ ತೋರಿದರೆ ಠಾಣಾಧಿಕಾರಿಯು ಅದನ್ನು ದಾಖಲುಮಾಡಲೇಬೇಕೆಂದೂ, ಇಷ್ಟವಿದ್ದರೆ ಮಾಡುವೆನೆಂಬ ಅವಕಾಶವಿಲ್ಲವೆಂದೂ ತೀರ್ಮಾನಿಸಿತು. ಹೊಸ ಸಂಹಿತೆಯು ಇದನ್ನು ಸ್ವಲ್ಪ ಸಡಿಲಿಸಿ, 3 ವರ್ಷದಿಂದ 7 ವರ್ಷದೊಳಗಣ ಶಿಕ್ಷೆಯ ಅಪರಾಧಗಳಲ್ಲಿ ಮೇಲಧಿಕಾರಿಯ ಅನುಮತಿಯಿಂದ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಎಡೆಗೊಟ್ಟಿದೆ. ತಂದೆತಾಯಿಗಳಿಗೆ 1982ರ ಶಾಸನವು ವಿಧಿಸಿದ ದಂಡನೆಯ ಅಳತೆಯು ಈ ಎಲ್ಲೆಯೊಳಗೇ ಬೀಳುತ್ತದೆ. ಹುಣ್ಣಿಮೆಯ ಹಿಂದಿನ ವಾರ ಬಂದ ದೂರಿಗೆ ಹದಿನಾಲ್ಕು ದಿನಗಳೆಂದರೆ ಜಾತ್ರೆ ಕಳೆದು ಅಂಗಡಿಗಳನ್ನು ಕಿತ್ತುಕೊಂಡು ಹೋದ ಮೇಲಣ ಮಾತು.

ಆದುದರಿಂದ ಇನ್ನೊಂದು ಕಲಮನ್ನು ಭಕ್ತರು ನೆನಪಿನಲ್ಲಿಡತಕ್ಕದ್ದು. ಹಳೆಯ ಸಂಹಿತೆಯಲ್ಲಿ 149ನೆಯದಾಗಿದ್ದು, ಹೊಸದರಲ್ಲಿ 168ನೆಯದಾಗಿರುವ ಅದು, ಸಂಜ್ಞೇಯ ಅಪರಾಧವು ನಡೆಯುವುದಕ್ಕೆ ಮೊದಲೇ ಅದನ್ನು ಶಕ್ತಿಮೀರಿ ತಡೆಯುವುದನ್ನು ಪ್ರತಿಯೊಬ್ಬ ಪೋಲೀಸು ಅಧಿಕಾರಿಯ ಕರ್ತವ್ಯವನ್ನಾಗಿ ಮಾಡಿದೆ. ಇದಕ್ಕೆ ವಿಚಾರಣೆಯ ಅವಧಿ ಬೇಡ. ಥರ್ಸ್ಟನ್ನನ ಸಂಪುಟದ ಆ ತಂದೆಯು ಮುಂಚಿತವಾಗಿ ಅರ್ಜಿಯನ್ನು ತಂದಿದ್ದನಷ್ಟೆ. ಮಕ್ಕಳು ಇನ್ನೂ ಮನೆಯಲ್ಲಿಯೇ ಇದ್ದರು. ಈ ದಿನದ ಹಳ್ಳಿಯಲ್ಲಿ ಅಂಥ ಸುದ್ದಿಯು ತಂದೆಯಿಂದ ಬಾರದು. ಶಾಲೆಯ ಉಪಾಧ್ಯಾಯರಿಗೋ, ಅಂಗನವಾಡಿಯ ತಾಯಿಗೋ, ಬಳೆಗಾರನಿಗೋ ಮೊದಲು ತಿಳಿಯುತ್ತದೆ. ತಿಳಿದವರು ಬಾಯಿಮಾತಿನಲ್ಲಿ ಹೇಳಿ ಹಿಂದಿರುಗದೆ, ದಿನ, ಸ್ಥಳ, ಸಮರ್ಪಣೆಯ ಸಂಶಯ ಇವನ್ನು ಕಾಗದದಲ್ಲಿ ಬರೆದು ಕೊಡಬೇಕು. ಅಪರಾಧವು ನಡೆದುಹೋಗಿದ್ದರೆ ದಾಖಲಾದ ದೂರಿನ ಪ್ರತಿಯನ್ನು ಹಣ ಕೊಡದೆ ಕೇಳಿ ಪಡೆಯಬೇಕು. ಅದು ದೂರುಗಾರನ ಹಕ್ಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ಕಾಗದವನ್ನು ಅಂಚೆಯ ಮೂಲಕ ಜಿಲ್ಲೆಯ ಪೋಲೀಸು ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. 2021ರಿಂದ ಹರಪನಹಳ್ಳಿ ಮೊದಲಾದ ಈ ತಾಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿರುವುದರಿಂದ ಜಿಲ್ಲಾಧಿಕಾರಿಗಳ ಕಚೇರಿಗಳು ಹೊಸಪೇಟೆಯಲ್ಲಿವೆ; ಮೊದಲಿನಂತೆ ದಾವಣಗೆರೆಗೋ ಬಳ್ಳಾರಿಗೋ ಹೋಗಬೇಕಾದುದಿಲ್ಲ. ಭಾರತ ಹುಣ್ಣಿಮೆಯು ಮಾಘಮಾಸದ್ದು. ಪುಷ್ಯವು ಕಳೆಯುವುದರೊಳಗೆ ಕಾಗದವು ಠಾಣೆಯನ್ನು ಮುಟ್ಟಿರತಕ್ಕದ್ದು.