ಮೊಬೈಲಿನಲ್ಲಿ ಕರಿ ಇಶಾಡ
(ಸದಾಶಿವಗಡದಲ್ಲಿ ಮಾಡಿದ ಉಪನ್ಯಾಸ)



ಮೊಬೈಲಿನಲ್ಲಿ ವ್ಯಾಪಾರ ಮಾಡುವುದು ಹೇಗೆಂದು ಇಲ್ಲಿನ ತಾಯಂದಿರು ಕೇಳಿದ್ದಾರೆ. ಪಕ್ಕದ ಅಂಕೋಲೆಯ ಕರಿ ಇಶಾಡ ಮಾವಿನಹಣ್ಣನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಆದರೆ ಸಿಪ್ಪೆ ಬಹಳ ತೆಳು.

ಕಳೆದ ಹಂಗಾಮಿನಲ್ಲಿ ನಾನೂ ವಾಟ್ಸಾಪ್‌ನಲ್ಲಿ ಫೋಟೋ ಹಾಕಿದೆ. ಹುಬ್ಬಳ್ಳಿಯವರೊಬ್ಬರು ತರಿಸಿಕೊಂಡರು. ಕಳಿತ ಹಣ್ಣನ್ನೇ ಪೆಟ್ಟಿಗೆಗೆ ತುಂಬಿ ಬಸ್ಸಿಗೆ ಹಾಕಿದ್ದೆ, ತಲುಪಿದ್ದು ರಸ! ಸೇತುವೆಗಳ ಭಾರ ಲೆಕ್ಕ ಹಾಕಿದ ಇಂಜಿನಿಯರ್‌ಗೆ ಹಣ್ಣಿನ ಮೇಲೆ ಎಷ್ಟು ಹಣ್ಣು ಕೂರಬಹುದೆಂದು ತಿಳಿಯಲಿಲ್ಲ. ಹಣ ಮರಳಿಸಿದೆ.

ಆದ್ದರಿಂದ ಮೊದಲು ಆರ್ಡರ್ ಪಡೆಯಿರಿ, ಆಮೇಲೆ ಕೊಯ್ಯಿರಿ. ಬಲಿತ ಕಾಯಿಯನ್ನು ಹುಲ್ಲಿನಲ್ಲಿ ಒಂದೇ ಪದರ ಜೋಡಿಸಿ ಕಳಿಸಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಉಚಿತ. ಬ್ರಾಡ್‌ಕಾಸ್ಟ್ ಸಂದೇಶ ಮಾತ್ರ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮುಟ್ಟುತ್ತದೆ; ಮೊದಲ ಗಿರಾಕಿಯಿಂದಲೇ ಸೇವ್ ಮಾಡಿಸಿ.

ಇನ್ನೊಂದು ಮಾತು. ಬಿಳಿ ಇಶಾಡವೂ ಇದೆ. ಸಿಪ್ಪೆ ದಪ್ಪ, ರುಚಿ ಕಡಿಮೆ. ಫೋಟೋದಲ್ಲಿ ಅದನ್ನೇ ಕರಿ ಇಶಾಡವೆಂದು ಮಾರಬಹುದು. ರಸ್ತೆಬದಿಯಲ್ಲಿ ಬುಟ್ಟಿಯಿಟ್ಟು ಕೂತ ಹಾಲಕ್ಕಿ ತಾಯಿಯ ಹಣ್ಣನ್ನು ಗಿರಾಕಿ ಮೂಸಿ ನೋಡಿ ಕೊಳ್ಳುತ್ತಾನೆ. ನಮ್ಮ ಗಿರಾಕಿ ಮೊದಲೇ ಹಣ ಕಳಿಸಿರುತ್ತಾನೆ. ಅವನಿಗೆ ಬಿಳಿಯದನ್ನು ಕಳಿಸಿದರೆ ಅದನ್ನು ಕಾಯಕವೆನ್ನಲು ನಾನು ಒಪ್ಪುವುದಿಲ್ಲ.

ಆ ತಾಯಿಯ ಬಳಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ನಿಮ್ಮ ಕ್ಯಾಟಲಾಗಿನಲ್ಲಿ ಆಕೆಯ ಹಣ್ಣಿಗೂ ಜಾಗ ಕೊಡಿ, ಆಕೆ ಹೇಳಿದ ದರಕ್ಕೇ.